ದೇವಕಿಯಕ್ಕನ ಪುಸ್ತಕ ಜರ್ಮನಿಗೆ ಹೋದದ್ದು

ಪುತ್ತೂರು ಬಿಡುವ ಮೊದಲು

ಜರ್ಮನಿಗೆ ಹೋಗಿ ಬಂದೆ ಎಂದರೆ ಪುತ್ತೂರಿನಲ್ಲಿ ಜನ ಮೊದಲು ಚಳಿಯ ವಿಷಯ ಕೇಳುತ್ತಾರೆ, ಆಮೇಲೆ ಊಟದ ವಿಷಯ. ಎರಡಕ್ಕೂ ಈಗಲೇ ಉತ್ತರ ಹೇಳಿ ಮುಗಿಸುತ್ತೇನೆ. ಮೇ ತಿಂಗಳಾದ್ದರಿಂದ ಚಳಿ ಒಂದು ಸ್ವೆಟರಿಗೆ ಬಗ್ಗುವಷ್ಟೇ ಇತ್ತು. ಸಂಜೆಯ ಊಟಕ್ಕೆ ಅವರು ತಣ್ಣನೆಯ ಬ್ರೆಡ್ ತಿನ್ನುತ್ತಾರೆ. ನಾನೂ ತಿಂದೆ, ಕುಚ್ಚಲಕ್ಕಿ ಗಂಜಿಯನ್ನು ನೆನೆಯುತ್ತಾ. ಆದರೆ ನಾನು ಹೋದದ್ದು ತಿನ್ನಲಿಕ್ಕೂ ಅಲ್ಲ, ನೋಡಲಿಕ್ಕೂ ಅಲ್ಲ. ಪುಸ್ತಕದ ಪ್ರಚಾರ ಹೇಗೆ ಮಾಡುವುದು ಎಂದು ಕಲಿಯಲು ಹೋಗಿದ್ದೆ.

ನಮ್ಮದು ಪುತ್ತೂರಿನ ಒಂದು ಸಣ್ಣ ಪ್ರಕಾಶನ. ಸಣ್ಣದು ಎಂದರೆ ಪ್ರಕಾಶಕಿ, ಕರಡು ತಿದ್ದುವವಳು, ಪುಸ್ತಕದ ಕಟ್ಟು ಹೊತ್ತು ಬಸ್ಸಿಗೆ ಹಾಕುವವಳು ಎಲ್ಲವೂ ನಾನೇ. ಜಾಲತಾಣ ಬಂದ ಮೇಲೆ ಪ್ರಚಾರ ವಿಭಾಗದ ಮುಖ್ಯಸ್ಥೆಯೂ ಆದೆ. ಪುಟ ತೆರೆದೆ, ರೀಲ್ಸ್ ಮಾಡಿದೆ, ಹ್ಯಾಶ್‌ಟ್ಯಾಗ್ ಹಾಕುವುದನ್ನು ಆನ್‌ಲೈನ್ ತರಗತಿಯಲ್ಲಿ ಕಲಿತು ಸರ್ಟಿಫಿಕೇಟು ತಗೊಂಡೆ. ಸುಳ್ಯ, ಕಡಬ, ಆಲಂಕಾರು ಎಂದು ಊರಿಗೊಂದರಂತೆ ಇರುವ ಫೋನಿನ ಗ್ರೂಪುಗಳಲ್ಲಿ ನನ್ನ ಪೋಸ್ಟರು ಬೀಳದ ದಿನವಿರಲಿಲ್ಲ. ಪುಸ್ತಕ ಮಾತ್ರ ಹೋಗುತ್ತಿರಲಿಲ್ಲ.

ಹಾಗೆ ಹೋಗದ ಪುಸ್ತಕಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಒಂದೇ. ಅದು ದೇವಕಿಯಕ್ಕನದ್ದು. ಅಜ್ಜಾವರದಿಂದ ಸ್ವಲ್ಪ ಒಳಗೆ ಹೋದರೆ ಅವರ ಮನೆ. ಊರಿನ ಹಾಲಿನ ಸೊಸೈಟಿಯಲ್ಲಿ ಇಪ್ಪತ್ತೆಂಟು ವರ್ಷ ಹಾಲು ಪರೀಕ್ಷೆ ಮಾಡಿದವರು. ಬೆಳಿಗ್ಗೆ ಹಾಲು ತಂದವರ ಪಾತ್ರೆಗೆ ಲ್ಯಾಕ್ಟೋಮೀಟರಿನ ಗಾಜಿನ ಕಡ್ಡಿ ಇಳಿಸಿ ಡಿಗ್ರಿ ನೋಡುವುದು ಅವರ ಕೆಲಸ. ನೀರು ಬೆರೆಸಿದ್ದರೆ ಕಡ್ಡಿ ಆಳಕ್ಕೆ ಮುಳುಗುತ್ತದೆ. ಯಾರ ಮನೆಯ ಹಾಲು ಯಾವ ದಿನ ಯಾಕೆ ತೆಳುವಾಯಿತು ಎಂಬುದು ಆ ಊರಿನಲ್ಲಿ ಅವರೊಬ್ಬರಿಗೇ ಗೊತ್ತು. ನಿವೃತ್ತರಾದ ಮೇಲೆ ಅದನ್ನೆಲ್ಲ ಕೂತು ಬರೆದರು. ಪುಸ್ತಕದ ಹೆಸರು "ಡಿಗ್ರಿ ನೋಡುವವಳು". ಹಸ್ತಪ್ರತಿಯನ್ನು ನಾನು ಒಂದೇ ಪಟ್ಟಿಗೆ ಓದಿ, ಅಡುಗೆಮನೆಯಲ್ಲಿ ಅನ್ನ ಸೀದದ್ದೂ ತಿಳಿಯದೆ ಕೂತಿದ್ದೆ.

ಪುಸ್ತಕ ಬಂದು ಎಂಟು ತಿಂಗಳಾದರೂ ಕಟ್ಟುಗಳು ನನ್ನ ಮಂಚದ ಅಡಿಯಲ್ಲೇ ಇದ್ದವು. ದೇವಕಿಯಕ್ಕನಿಗೆ ಎರಡನೆಯ ಭಾಗ ಬರೆಯಲಿಕ್ಕಿತ್ತು. ಅವರ ಬಲಗೈಯಲ್ಲಿ ನಡುಕ ಶುರುವಾಗಿತ್ತು. ಅದು ಕಡಿಮೆಯಾಗುವ ಕಾಯಿಲೆಯಲ್ಲ, ಬರೆಯುವುದಿದ್ದರೆ ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ಅವರದ್ದು ಒಂದೇ ಹಠ.

"ಮೊದಲಿನದ್ದು ಯಾರಾದರೂ ಓದಿದ್ದಾರೆ ಅಂತ ಗೊತ್ತಾಗ್ಲಿ ಶೋಭಾ. ಮತ್ತೆ ನೋಡುವ. ಯಾರಿಗೂ ಬೇಡದ್ದನ್ನು ಬರೆಯುದು ಎಂತಕ್ಕೆ?"

ನಾನು ಫೋನು ತೆಗೆದು ನಮ್ಮ ಪುಟದಲ್ಲಿ ಬಿದ್ದಿದ್ದ ನೂರಾರು ಲೈಕುಗಳನ್ನು ತೋರಿಸಿ, "ನೋಡಿ ದೇವಕಿಯಕ್ಕ, ಇಷ್ಟು ಜನ ಓದಿದ್ದಾರೆ" ಎಂದೆ. ಅಪ್ಪಟ ಸುಳ್ಳು. ಅವರು ಕನ್ನಡಕ ಏರಿಸಿ ಸ್ವಲ್ಪ ಹೊತ್ತು ನೋಡಿ, "ಹೌದಾ" ಎಂದರು. ಬರೆಯಲು ಮಾತ್ರ ಕೂರಲಿಲ್ಲ.

ಅಷ್ಟರಲ್ಲಿ ಜರ್ಮನಿಯ ಒಂದು ಸಂಸ್ಥೆಯಿಂದ ಪತ್ರ ಬಂತು. ಸಣ್ಣ ಭಾಷೆಗಳ ಸಣ್ಣ ಪ್ರಕಾಶಕರಿಗೆ ಇಂಟರ್ನೆಟ್ ಕಾಲದ ಪುಸ್ತಕ ಪ್ರಚಾರದ ಬಗ್ಗೆ ಎರಡು ವಾರದ ತರಬೇತಿ. ಅಲ್ಲಿನ ಒಬ್ಬ ಪ್ರಕಾಶಕರ ಜೊತೆ ಇದ್ದು ಕೆಲಸ ನೋಡುವುದು. ಕನ್ನಡವನ್ನು ಸಣ್ಣ ಭಾಷೆ ಎಂದದ್ದು ನೋಡಿ ನನಗೆ ಪಿತ್ತ ನೆತ್ತಿಗೇರಿತು. ವಿಮಾನದ ಟಿಕೆಟು ಅವರೇ ಕೊಡುತ್ತಾರೆ ಎಂಬ ಸಾಲಿಗೆ ಬರುವಾಗ ಇಳಿಯಿತು. ಬ್ಯಾಗಿನಲ್ಲಿ ಎರಡು ಡಬ್ಬಿ ಉಪ್ಪಿನಕಾಯಿ, "ಡಿಗ್ರಿ ನೋಡುವವಳು" ಐದು ಪ್ರತಿ ಹಾಕಿಕೊಂಡು ಹೊರಟೆ.

ಎರಡನೆಯ ದಿನ: ಬಾಗಿಲಿನ ಹಲಗೆ

ನಾನು ಇಳಿದದ್ದು ಸ್ಟುಟ್‌ಗಾರ್ಟಿನಿಂದ ಒಂದು ಗಂಟೆಯ ರೈಲು ದಾರಿಯಲ್ಲಿರುವ ಒಂದು ಸಣ್ಣ ಪಟ್ಟಣದಲ್ಲಿ. ಅಗಲಕ್ಕೆ ಸುಳ್ಯ ಪೇಟೆಯಷ್ಟೇ. ಸದ್ದಿನಲ್ಲಿ ಮಾತ್ರ ಮಧ್ಯಾಹ್ನದ ಶಾಲೆಯ ಗ್ರಂಥಾಲಯದಷ್ಟು. ಮೂರು ಮಾಳಿಗೆಯ ಒಂದು ಕಟ್ಟಡದಲ್ಲಿ ನನಗೆ ಕೋಣೆ ಕೊಟ್ಟಿದ್ದರು.

ಎರಡನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಹಿಡಿಕೆಗೆ ಒಂದು ಚಂದದ ಮರದ ಹಲಗೆ ನೇತುಹಾಕಿತ್ತು. ಅದರಲ್ಲಿ ಬಣ್ಣದ ಅಕ್ಷರದಲ್ಲಿ ಏನೋ ಬರೆದಿತ್ತು. ಇಡೀ ಕಟ್ಟಡದಲ್ಲಿ ನನ್ನ ಬಾಗಿಲಿಗೆ ಮಾತ್ರ. ನನಗೆ ಕಣ್ಣು ತುಂಬಿ ಬಂತು. ಕೂಡಲೇ ಅದರ ಪಕ್ಕ ನಿಂತು ಸೆಲ್ಫಿ ತೆಗೆದು, "ಜರ್ಮನಿಯಲ್ಲಿ ನಮ್ಮ ಪ್ರಕಾಶನಕ್ಕೆ ಸಿಕ್ಕ ಹೃದಯಸ್ಪರ್ಶಿ ಸ್ವಾಗತ" ಎಂದು ಪುಟಕ್ಕೆ ಹಾಕಿದೆ. ಪುತ್ತೂರಿನಿಂದ ಅಭಿನಂದನೆಗಳು ಬಂದವು. ಒಬ್ಬರು ಇದು ಕನ್ನಡಕ್ಕೆ ಸಂದ ಗೌರವ ಎಂದು ಬರೆದರು.

ಕೆಳಗಿನ ಮನೆಯ ಫ್ರೌ ಕೆಲ್ಲರ್, ನಮ್ಮ ಮಾತಿನಲ್ಲಿ ಕೆಲ್ಲರಮ್ಮ, ಎಂಬ ಎಂಬತ್ತರ ಹೆಂಗಸು ಎರಡು ದಿನ ನನ್ನನ್ನು ನೋಡುವಾಗಲೆಲ್ಲ ಮೆಟ್ಟಿಲನ್ನೂ ನೋಡುತ್ತಿದ್ದರು. ಮೂರನೆಯ ದಿನ ಪೊರಕೆ ಮತ್ತು ಬಕೆಟು ತಂದು ನನ್ನ ಮುಂದೆ ಇಟ್ಟು ಹಲಗೆಯ ಕಡೆ ಬೆರಳು ತೋರಿಸಿದರು. ಈ ವಾರ ಇಡೀ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಈ ಮನೆಯದ್ದು ಎಂದು ಅದರ ಅರ್ಥ. ಆ ಕಡೆ ಅದೊಂದು ಹಳೆಯ ಪದ್ಧತಿ. ಸರದಿ ಮುಗಿದವರು ಹಲಗೆಯನ್ನು ಪಕ್ಕದ ಬಾಗಿಲಿಗೆ ತೂಗಿಸುತ್ತಾರೆ.

ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನಿಸಿತು. ನಮ್ಮಲ್ಲಿ ಅಂಗಳ ಕನ್ನಡಿಯ ಹಾಗೆ ಗುಡಿಸಿ ಕಸವನ್ನು ರಸ್ತೆಗೆ ತಳ್ಳುವ ನನಗೆ ಎಲ್ಲರಿಗೂ ಸೇರಿದ ಜಾಗ ಗುಡಿಸಿ ಅಭ್ಯಾಸವಿಲ್ಲ. ಫ್ರೌ ಕೆಲ್ಲರ್ ಮೂಲೆ ಮೂಲೆ ತೋರಿಸುತ್ತಾ ನಿಂತರು, ನಾನು ಗುಡಿಸಿದೆ. ಮುಗಿದ ಮೇಲೆ ಒಳಗೆ ಕರೆದು ಸ್ಟ್ರಾಬೆರಿ ಕೇಕು ಕೊಟ್ಟರು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಆ ಎರಡು ವಾರ ಅವರು ನನ್ನನ್ನು ತಂಗಿಯ ಹಾಗೆ ನೋಡಿಕೊಂಡರು. ಈಗಲೂ ನೆನೆದರೆ ಕೈ ಮುಗಿಯಬೇಕು ಅನಿಸುತ್ತದೆ. ಪೋಸ್ಟನ್ನು ಮಾತ್ರ ಅಳಿಸಲಿಲ್ಲ. ಅಳಿಸಿದರೆ ಕಾರಣ ಹೇಳಬೇಕಿತ್ತಲ್ಲ.

ಐದನೆಯ ದಿನ: ಇಂಗ್ರಿಡ್ ಅವರ ಕಚೇರಿ

ನಾನು ಕೆಲಸ ಕಲಿಯಬೇಕಾಗಿದ್ದದ್ದು ಇಂಗ್ರಿಡ್ ಎಂಬವರ ಬಳಿ. ಅರುವತ್ತು ದಾಟಿದ ಪ್ರಕಾಶಕಿ. ಆ ಪ್ರಾಂತ್ಯದ ಆಡುಭಾಷೆಯಲ್ಲಿ ಬರೆದ ಪುಸ್ತಕಗಳನ್ನು ಪ್ರಕಟಿಸುತ್ತಾರೆ. ನಮ್ಮ ಸುಳ್ಯದ ಅರೆಭಾಷೆಯ ಹಾಗೆ, ಮನೆಯಲ್ಲಿ ಎಲ್ಲರೂ ಆಡುವ, ಪೇಟೆಗೆ ಹೋದಾಗ ಅಡಗಿಸಿಡುವ ಭಾಷೆ ಅದು. ಅಂಥ ಪುಸ್ತಕ ಮಾರಿ ಮೂವತ್ತು ವರ್ಷ ಬದುಕಿದ್ದಾರೆ ಎಂದರೆ ಏನೋ ಗುಟ್ಟಿರಬೇಕು ಎಂದು ನಾನು ಹೊಸ ನೋಟ್‌ಬುಕ್ ಹಿಡಿದು ಕೂತೆ.

ಗುಟ್ಟು ಏನೂ ಇರಲಿಲ್ಲ. ಪ್ರತಿ ಶುಕ್ರವಾರ ಅವರು ತಮ್ಮ ಓದುಗರಿಗೆ ಇಮೇಲಿನಲ್ಲಿ ಒಂದು ಕಾಗದ ಬರೆಯುತ್ತಾರೆ. ಪುಸ್ತಕ ಕೊಳ್ಳಿ ಎಂಬ ಮಾತು ಅದರಲ್ಲಿ ಇರುವುದಿಲ್ಲ. ಯಾವುದಾದರೂ ಪುಸ್ತಕದ ಒಂದು ಪ್ಯಾರಾ, ಅದು ತಮಗೆ ಯಾಕೆ ಹಿಡಿಸಿತು ಎಂದು ನಾಲ್ಕು ಸಾಲು, ಓದುಗರಿಗೆ ಒಂದು ಪ್ರಶ್ನೆ. ಬಂದ ಉತ್ತರಗಳಿಗೆ ಸೋಮವಾರ ಕೂತು ಒಂದೊಂದಾಗಿ ತಾವೇ ಮಾರುತ್ತರ ಬರೆಯುತ್ತಾರೆ. ಪುಟದಲ್ಲಿ ಹಾಕುವುದೂ ಅಷ್ಟೆ, ಬರೆದವರು ತಮ್ಮ ಮನೆಯಲ್ಲಿ ಕೂತು ಒಂದು ನಿಮಿಷ ಓದುವ ವಿಡಿಯೋ. ಹಿಂದೆ ಸಂಗೀತವಿಲ್ಲ. ಒಬ್ಬರ ವಿಡಿಯೋದಲ್ಲಂತೂ ಬೆಕ್ಕು ಅಡ್ಡ ಬಂದದ್ದೂ ಹಾಗೆಯೇ ಉಂಟು.

ಮಧ್ಯಾಹ್ನ ಊಟಕ್ಕೆ ಬೇಯಿಸಿದ ಬಿಳಿ ಆಸ್ಪರಾಗಸ್ ಇತ್ತು. ಮೇ ತಿಂಗಳಲ್ಲಿ ಆ ದಂಟಿಗಾಗಿ ಅಲ್ಲಿಯ ಜನ ಹುಚ್ಚಾಗುತ್ತಾರೆ, ನಮ್ಮಲ್ಲಿ ಕಣಿಲೆ, ಎಂದರೆ ಎಳೆ ಬಿದಿರು, ಬಂದಾಗ ಆಗುವ ಹಾಗೆ. ತಿನ್ನುತ್ತಾ ಇಂಗ್ರಿಡ್ ನನ್ನ ಪುಟ ನೋಡಬೇಕೆಂದರು. ನಾನು ಹೆಮ್ಮೆಯಿಂದ ದೇವಕಿಯಕ್ಕನ ಪುಸ್ತಕ ಬಿಡುಗಡೆಯ ಪೋಸ್ಟುಗಳನ್ನು ತೆರೆದುಕೊಟ್ಟೆ. ವೇದಿಕೆಯಲ್ಲಿ ಆರು ಗಂಡಸರು, ಆರು ಶಾಲು, ಆರು ಹಣ್ಣಿನ ಬುಟ್ಟಿ. ಆರೂ ಜನ ಪುಸ್ತಕವನ್ನು ಎದೆಯ ಹತ್ತಿರ ಎತ್ತಿ ಹಿಡಿದಿದ್ದಾರೆ.

"ಇವರಲ್ಲಿ ಬರೆದವರು ಯಾರು?" ಎಂದು ಇಂಗ್ರಿಡ್ ಕೇಳಿದರು.

"ಇವರಲ್ಲಿ ಯಾರೂ ಅಲ್ಲ."

ಅವರು ಮುಂದಿನ ಫೋಟೋಕ್ಕೆ ಹೋದರು. ಅದರ ಮುಂದಿನದಕ್ಕೂ ಹೋದರು. ದೀಪ ಬೆಳಗಿಸುವವರು, ಭಾಷಣ ಮಾಡುವವರು, ಸ್ಮರಣಿಕೆ ತೆಗೆದುಕೊಳ್ಳುವವರು. ಅಷ್ಟು ಪೋಸ್ಟುಗಳನ್ನು ಕೊನೆಯವರೆಗೆ ಸರಿಸಿ, ಫೋನನ್ನು ಮೇಜಿನ ಮೇಲಿಟ್ಟು, "ಹಾಗಾದರೆ ಅವರೆಲ್ಲಿ?" ಎಂದರು.

ಹೇಳಲೇಬೇಕಾಯಿತು. ಸುಳ್ಯದ ಒಂದು ಸಭಾಭವನದಲ್ಲಿ ಬಿಡುಗಡೆ. ವೇದಿಕೆಯಲ್ಲಿ ಆರು ಕುರ್ಚಿ ಇತ್ತು, ಐದು ಅತಿಥಿಗಳಿಗೆ, ಒಂದು ದೇವಕಿಯಕ್ಕನಿಗೆ. ಸಭೆ ಶುರುವಾಗುವ ಹೊತ್ತಿಗೆ ಆಮಂತ್ರಣದಲ್ಲಿ ಹೆಸರಿಲ್ಲದ ಗಣ್ಯರೊಬ್ಬರು ಬಂದರು. ಅಂಥವರನ್ನು ಕೆಳಗೆ ಕೂರಿಸುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ದೇವಕಿಯಕ್ಕ ತಾವಾಗಿಯೇ ಎದ್ದು, "ಪರ್ವಾಗಿಲ್ಲ, ಅವರು ಕೂತ್ಕೊಳ್ಳಲಿ" ಎಂದು ಕೆಳಗಿಳಿದರು. ಇನ್ನೊಂದು ಕುರ್ಚಿ ತನ್ನಿ ಎಂದು ಹೇಳಬೇಕಾದವಳು ನಾನು. ಮೈಕು ನನ್ನ ಕೈಯಲ್ಲೇ ಇತ್ತು. ಗಣ್ಯರ ಬಿರುದುಗಳನ್ನು ತಪ್ಪಿಲ್ಲದೆ ಓದುವ ಗಡಿಬಿಡಿಯಲ್ಲಿ ಹೇಳಲಿಲ್ಲ. ಪುಸ್ತಕದ ಕಟ್ಟು ಬಿಚ್ಚಿ ಫೋಟೋ ತೆಗೆಯುವಾಗ ದೇವಕಿಯಕ್ಕ ಹಿಂದೆ, ಕಾಫಿಗೆ ತಂದ ಹಾಲು ಸರಿ ಉಂಟಾ ಎಂದು ನೋಡುತ್ತಿದ್ದರಂತೆ. ಅತಿಥಿಗಳಲ್ಲಿ ಮೂವರು, ಪುಸ್ತಕ ಈಗಷ್ಟೇ ಕೈಗೆ ಸಿಕ್ಕಿದೆ, ಓದಲು ಸಮಯವಾಗಲಿಲ್ಲ ಎಂದು ಹೇಳಿಯೇ ಅರ್ಧರ್ಧ ಗಂಟೆ ಮಾತನಾಡಿದರು.

ಇಂಗ್ರಿಡ್ ನಗಲಿಲ್ಲ, ಬೈಯಲೂ ಇಲ್ಲ. "ನೀವು ಸಭೆಯ ಪ್ರಚಾರ ಚೆನ್ನಾಗಿ ಮಾಡಿದ್ದೀರಿ. ಈಗ ಪುಸ್ತಕದ್ದು ಎರಡು ಸಾಲು ಹೇಳಿ, ನೋಡುವ" ಎಂದರು.

ಬ್ಯಾಗಿನಿಂದ ಪುಸ್ತಕ ತೆಗೆದು, ತೋಚಿದ ಪುಟವನ್ನು ಇಂಗ್ಲಿಷಿನಲ್ಲಿ ಹೇಳಿದೆ. "ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ ಎನ್ನುತ್ತಾರೆ. ಹಾಲಿಗೆ ನೀರು ಹಾಕಿದವರು ಹಾಗಲ್ಲ. ಅವರು ಆವತ್ತು ನನ್ನ ಮಕ್ಕಳ ಆರೋಗ್ಯವನ್ನು ವಿವರವಾಗಿ ವಿಚಾರಿಸುತ್ತಾರೆ."

ಇಂಗ್ರಿಡ್ ಫೋರ್ಕು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, "ಈ ಸಾಲು ನಿಮ್ಮ ಪುಟದಲ್ಲಿ ಎಲ್ಲಿದೆ?" ಎಂದರು. ಎಲ್ಲೂ ಇರಲಿಲ್ಲ. ಎಂಟು ತಿಂಗಳಲ್ಲಿ ನಾನು ಆ ಪುಸ್ತಕದ ಒಂದೇ ಒಂದು ವಾಕ್ಯವನ್ನೂ ಯಾರಿಗೂ ತೋರಿಸಿರಲಿಲ್ಲ.

ಎಂಟನೆಯ ದಿನ: ಓದುವುದನ್ನು ಕೇಳುವವರು

ಅಲ್ಲಿ ಪುಸ್ತಕದ ಕಾರ್ಯಕ್ರಮ ಎಂದರೆ ಓದುವುದು. ಇಂಗ್ರಿಡ್ ಅಂಥ ಒಂದಕ್ಕೆ ನನ್ನನ್ನು ಪಟ್ಟಣದ ಪುಸ್ತಕದಂಗಡಿಗೆ ಕರೆದುಕೊಂಡು ಹೋದರು. ಒಂದು ಮೇಜು, ಒಂದು ಲೋಟ ನೀರು, ಬರೆದವರೊಬ್ಬರು. ಸ್ವಾಗತ ಎರಡೇ ವಾಕ್ಯ. ಆಮೇಲೆ ಬರೆದವರು ಒಂದು ಗಂಟೆ ತಮ್ಮ ಪುಸ್ತಕ ಓದಿದರು, ನಲವತ್ತು ಜನ ಕೂತು ಕೇಳಿದರು. ಟಿಕೆಟು ತೆಗೆದುಕೊಂಡು ಬಂದವರು ಅವರು. ಯಾರ ಫೋನೂ ಹೊಡೆದುಕೊಳ್ಳಲಿಲ್ಲ. ನನಗೆ ಕೆಮ್ಮು ಬಂತು, ಅದುಮಿ ಹಿಡಿದು ಕಣ್ಣು ಕೆಂಪಾಯಿತು. ಪಕ್ಕದಲ್ಲಿದ್ದ ಅಜ್ಜಿ ತಿರುಗಿ ನೋಡದೆಯೇ ಒಂದು ಪೆಪ್ಪರಮಿಂಟು ನನ್ನ ಕೈಗೆ ಒತ್ತಿದರು.

ನಮ್ಮವರನ್ನು ಹೀಗಳೆಯಲು ನಾನು ಇದನ್ನು ಹೇಳುತ್ತಿಲ್ಲ. ನಮ್ಮಲ್ಲಿ ರಾತ್ರಿಯಿಡೀ ತಾಳಮದ್ದಳೆ ಕೂತು ಕೇಳುವವರಿದ್ದಾರೆ, ಒಂದೊಂದು ಮಾತನ್ನು ತೂಗಿ ನೋಡುವ ಕಿವಿಗಳಿವೆ. ಆ ಕಿವಿಗಳಿಗೆ ನಾನು ಗಣ್ಯರ ಪಟ್ಟಿ ಓದಿ ಹೇಳುತ್ತಿದ್ದೆ. ತಪ್ಪು ಕೇಳುವವರದ್ದಲ್ಲ.

ಹೊರಗೆ ಬಂದಾಗ ಇಂಗ್ರಿಡ್, ಬರುವ ಭಾನುವಾರ ಹನ್ನೊಂದು ಗಂಟೆಗೆ ಇಲ್ಲಿಯೇ ಇನ್ನೊಂದು ಓದು ಇದೆ, ಅದರಲ್ಲಿ ಹದಿನೈದು ನಿಮಿಷ ದೇವಕಿಯಕ್ಕನಿಗೆ ಎಂದರು. ಅವರು ಬರಲಾರರಲ್ಲ ಎಂದೆ. "ಇಂಟರ್ನೆಟ್ ಮತ್ತೆ ಯಾಕಿರುವುದು?" ಎಂದು ಅವರು ನನ್ನನ್ನೇ ಕೇಳಿದರು.

ಭಾನುವಾರ, ಹನ್ನೊಂದು ಗಂಟೆ

ಅಲ್ಲಿ ಹನ್ನೊಂದು ಎಂದರೆ ಅಜ್ಜಾವರದಲ್ಲಿ ಮಧ್ಯಾಹ್ನ ಎರಡೂವರೆ. ದೇವಕಿಯಕ್ಕ ಮೊದಲು ಒಪ್ಪಿರಲಿಲ್ಲ. "ಕನ್ನಡ ಬಾರದವರ ಮುಂದೆ ನಾನು ಓದುದಾ? ನಿಂಗೆ ತಲೆ ಸರಿ ಉಂಟಾ ಮಾರಾಯ್ತಿ?" ಎಂದು ಕೇಳಿದ್ದರು. ನಾನು ಒಂದೊಂದು ಪ್ಯಾರಾ ಇಂಗ್ಲಿಷಿನಲ್ಲಿ ಹೇಳುತ್ತೇನೆ, ಇಂಗ್ರಿಡ್ ಅವರ ಭಾಷೆಯಲ್ಲಿ ಹೇಳುತ್ತಾರೆ ಎಂದು ಕಾಡಿ ಬೇಡಿ ಒಪ್ಪಿಸಿದ್ದೆ.

ಗೋಡೆಯ ಮೇಲಿನ ಪರದೆಯಲ್ಲಿ ದೇವಕಿಯಕ್ಕನ ಗಲ್ಲ ಮತ್ತು ಮನೆಯ ಹೆಂಚಿನ ಮಾಡು ಕಾಣಿಸಿತು. ಫೋನನ್ನು ಸ್ವಲ್ಪ ಎತ್ತರಿಸಿ ಎಂದೆ. ಹಣೆ ಮತ್ತು ಕ್ಯಾಲೆಂಡರು ಕಾಣಿಸಿತು. ಕೊನೆಗೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದ ಮೇಲೆ ಮುಖ ಬಂತು. ಪುಸ್ತಕ ಹಿಡಿದ ಕೈ ನಡುಗುತ್ತಿತ್ತು. ಅವರು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಓದಿದರು.

ಓದಿದ್ದು ಒಬ್ಬ ಹೆಂಗಸಿನ ಕಥೆ. ವರ್ಷಗಟ್ಟಲೆ ಒಂದು ದಿನವೂ ಆಕೆಯ ಹಾಲಿನ ಡಿಗ್ರಿ ಇಳಿದಿರಲಿಲ್ಲ. ಒಂದು ಬೆಳಿಗ್ಗೆ ಕಡ್ಡಿ ಮುಳುಗಿತು. ಗಂಡ ಮಂಗಳೂರಿನ ಆಸ್ಪತ್ರೆಯಲ್ಲಿದ್ದ. ಆಕೆ ಏನೂ ಹೇಳಲಿಲ್ಲ, ದೇವಕಿಯಕ್ಕನೂ ಕೇಳಲಿಲ್ಲ. ಎಂದಿನ ಡಿಗ್ರಿಯನ್ನೇ ಸೊಸೈಟಿಯ ಲೆಕ್ಕದ ಪುಸ್ತಕದಲ್ಲಿ ಬರೆದರು. "ನೀರು ಹಾಕಿದ್ದು ಅವಳು, ಸುಳ್ಳು ಬರೆದದ್ದು ನಾನು. ಅವಳ ಗಂಡ ಮನೆಗೆ ಬಂದ ಮರುದಿನ ಅವಳು ತಂದ ಹಾಲಿನಲ್ಲಿ ನನ್ನ ಕಡ್ಡಿ ಮುಳುಗಲಿಕ್ಕೇ ಕೇಳಲಿಲ್ಲ."

ಇಲ್ಲಿಗೆ ಬರುವಾಗ ರೇಂಜ್ ಹೋಯಿತು. ಪರದೆಯಲ್ಲಿ ದೇವಕಿಯಕ್ಕ ಬಾಯಿ ತೆರೆದ ಹಾಗೆಯೇ ನಿಂತುಬಿಟ್ಟರು. ಮತ್ತೆ ಮತ್ತೆ ಕರೆ ಮಾಡಿದೆ. ಅಷ್ಟೂ ಹೊತ್ತು ಅಂಗಡಿಯಲ್ಲಿ ಸೇರಿದ್ದ ಜನ ಕೈ ಕಟ್ಟಿ, ತಮಗೆ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಹೆಂಗಸಿಗಾಗಿ ಕಾದು ಕೂತರು. ನಮ್ಮ ಸಭೆಯಾಗಿದ್ದರೆ ಅಷ್ಟರಲ್ಲಿ ನಾನೇ ಎದ್ದು ಧನ್ಯವಾದ ಸಮರ್ಪಣೆ ಮುಗಿಸಿರುತ್ತಿದ್ದೆ.

ಐದು ನಿಮಿಷದಲ್ಲಿ ದೇವಕಿಯಕ್ಕ ಜಗಲಿಗೆ ಬಂದು ಮತ್ತೆ ಸಿಕ್ಕಿದರು. ಓದು ಮುಗಿಯಿತು. ಹಿಂದಿನ ಸಾಲಿನ ಒಬ್ಬ ಅಜ್ಜ ಎದ್ದು ನಿಂತು ನಿಧಾನವಾಗಿ ಮಾತನಾಡಿದರು. ಹಿಂದೆ ಅವರ ಹಳ್ಳಿಯಲ್ಲಿಯೂ ಎಲ್ಲರೂ ಹಾಲು ತಂದು ಕೊಡುವ ಒಂದು ಮನೆ ಇತ್ತಂತೆ. ಅಲ್ಲಿ ಹಾಲು ಅಳೆಯುತ್ತಿದ್ದವಳು ಅವರ ತಾಯಿ. "ಅವಳಿಗೂ ಎಲ್ಲರ ವಿಷಯ ಗೊತ್ತಿತ್ತು. ಆದರೆ ಏನೂ ಬರೆದಿಡಲಿಲ್ಲ. ಇವರು ಬರೆದಿದ್ದಾರೆ, ಇನ್ನೂ ಬರೆಯಲಿ" ಎಂದರು.

"ಎಂತ ಹೇಳಿದ್ರು ಅವರು?" ಎಂದು ಪರದೆಯಿಂದ ದೇವಕಿಯಕ್ಕ ಕೇಳಿದರು. ಇಂಗ್ರಿಡ್ ಇಂಗ್ಲಿಷಿನಲ್ಲಿ ತಿಳಿಸಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಅವರು ಫೋನಿನ ಹತ್ತಿರಕ್ಕೆ ಬಗ್ಗಿದರು.

"ಅವರ ಅಮ್ಮನ ಹೆಸರು ಎಂತ ಕೇಳು."

"ಮಾರ್ಥಾ" ಎಂದರು ಅಜ್ಜ.

"ಮಾರ್ಥಾ" ಎಂದು ದೇವಕಿಯಕ್ಕನೂ ಒಮ್ಮೆ ಹೇಳಿಕೊಂಡರು.

ನಾನು ಅತ್ತೆ. ಅವರ ಬರಹವನ್ನು ಅಕ್ಷರ ಅಕ್ಷರ ತಿದ್ದಿದವಳು ನಾನು, ಅವರ ದನಿಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ಕೇಳಲು ಏಳು ಸಮುದ್ರ ದಾಟಬೇಕಾಯಿತು. ಆ ಅಂಗಡಿಯವರಿಗೆ, ಆ ಅಜ್ಜನಿಗೆ, ಪೆಪ್ಪರಮಿಂಟಿನ ಅಜ್ಜಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಇಂಗ್ರಿಡ್ ಅವರಿಗೆ ನಾನು ಋಣಿ. ಹೊರಡುವ ದಿನ ಉಳಿದ ಒಂದು ಡಬ್ಬಿ ಉಪ್ಪಿನಕಾಯಿಯನ್ನು ಅವರಿಗೆ ಕೊಟ್ಟೆ. ಬ್ರೆಡ್ಡಿಗೆ ಹಚ್ಚಿ ತಿಂದು ಬೆವರಿದರು, ಚೆನ್ನಾಗಿದೆ ಎಂದರು.

ಅಜ್ಜಾವರದ ದಾರಿ

ಊರಿಗೆ ಬಂದ ಎರಡನೆಯ ದಿನ ದೇವಕಿಯಕ್ಕನ ಮನೆಗೆ ಹೋದೆ. ಬಸ್ಸಿನಲ್ಲಿ ಕೂತು ಮಾತುಗಳನ್ನು ಜೋಡಿಸಿಕೊಂಡಿದ್ದೆ. ಜಗಲಿ ಹತ್ತುವಾಗ ಎಲ್ಲ ಮರೆತುಹೋಯಿತು.

"ದೇವಕಿಯಕ್ಕ, ನಾನು ಸುಳ್ಳು ಹೇಳಿದ್ದೆ. ನಿಮ್ಮ ಪುಸ್ತಕ ಯಾರೂ ಓದಿಲ್ಲ. ಎಲ್ಲ ನನ್ನ ಮಂಚದ ಅಡಿಯಲ್ಲಿ ಉಂಟು."

"ಗೊತ್ತುಂಟು" ಎಂದರು ಅವರು, ಬೆಲ್ಲ ನೀರು ಮುಂದಿಡುತ್ತಾ.

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಊರಿನ ಅರ್ಧ ಜನರ ಹಾಲಿನ ವಿಷಯ ಅದ್ರಲ್ಲಿ ಬರ್ದಿದ್ದೇನೆ. ಹೆಸರು ಹಾಕ್ಲಿಲ್ಲ, ಆದ್ರೆ ದನದ ಬಣ್ಣ ಹಾಕಿದ್ದೇನಲ್ಲ. ಓದಿದ್ರೆ ಒಬ್ಬರಾದ್ರೂ ಜಗಳಕ್ಕೆ ಬರ್ತಿರ್ಲಿಲ್ವಾ? ಎಂಟು ತಿಂಗಳು ಕಾದೆ. ಯಾರೂ ಬರ್ಲಿಲ್ಲ."

ಕುರ್ಚಿಯ ವಿಷಯವನ್ನೂ ಹೇಳಿ ಕ್ಷಮೆ ಕೇಳಿದೆ. "ಅದು ಹೋಗ್ಲಿ, ಆ ದಿನದ ಕಾಫಿಯ ಹಾಲು ತೆಳು ಇತ್ತು" ಎಂದರು. ಆಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದೆವು. ಅವರು ಆ ಹೆಂಗಸಿನ ಕಥೆಯನ್ನೇ ಮೂರು ನಿಮಿಷ ಓದಿದರು. ಅದನ್ನೇ ಪುಟಕ್ಕೂ ಊರಿನ ಗ್ರೂಪುಗಳಿಗೂ ಹಾಕಿದೆ. ಸಂಗೀತ ಹಾಕಲಿಲ್ಲ, ಗಣ್ಯರನ್ನೂ ಹಾಕಲಿಲ್ಲ. ಶುಕ್ರವಾರ ಕೂತು, ನಮ್ಮ ಪುಸ್ತಕ ಎಂದಾದರೂ ಕೊಂಡವರಿಗೆಲ್ಲ ಒಂದೊಂದು ಕಾಗದ ಬರೆದೆ. ಮೊದಲು ಬಂದ ಉತ್ತರ ಕಲ್ಲುಗುಂಡಿಯ ಒಬ್ಬರು ಟೀಚರದ್ದು. ಆ ಹೆಂಗಸಿನ ಗಂಡನಿಗೆ ಪೂರ್ತಿ ಗುಣವಾಯಿತಾ ಎಂದು ಅವರು ಕೇಳಿದ್ದರು. ಅಂಥ ಪ್ರಶ್ನೆ ನಮ್ಮ ಪ್ರಕಾಶನಕ್ಕೆ ಬಂದದ್ದು ಅದೇ ಮೊದಲು. ಮಂಚದ ಅಡಿಯ ಒಂದು ಕಟ್ಟು ಬಿಚ್ಚಿದೆ, ಆಮೇಲೆ ಇನ್ನೊಂದು.

ವಿಡಿಯೋ ಹಾಕಿದ ಹನ್ನೆರಡನೆಯ ದಿನ ಬೆಳಿಗ್ಗೆ ನಾನು ಹಲ್ಲುಜ್ಜುವ ಹೊತ್ತಿಗೆ ದೇವಕಿಯಕ್ಕನ ಫೋನು ಬಂತು. ಯಾರಿಗೋ ಕೇಳಬಾರದು ಎಂಬಂತೆ ಮಾತಾಡುತ್ತಿದ್ದರು.

"ಶೋಭಾ, ಒಬ್ರು ಬಂದಿದ್ದಾರೆ. ಕೊಂಬು ಮುರಿದ ಕೆಂಪು ದನ ನಮ್ದೇ ಅಲ್ವಾ ಅಂತ ಕೇಳ್ತಿದ್ದಾರೆ. ಪುಸ್ತಕ ಕೈಯಲ್ಲೇ ಉಂಟು. ಪೆನ್ಸಿಲಿನಲ್ಲಿ ಅಡಿಗೆರೆ ಹಾಕಿ ತಂದಿದ್ದಾರೆ."

"ನೀವು ಎಂತ ಹೇಳಿದ್ರಿ?"

"ಕೂತ್ಕೊಳ್ಳಿ, ಚಾ ಮಾಡ್ತೇನೆ ಹೇಳಿದೆ. ಭಾರೀ ಸಿಟ್ಟಲ್ಲಿದ್ದಾರೆ. ಪೂರ್ತಿ ಓದಿದ್ದಾರೆ ಮಾರಾಯ್ತಿ, ಒಂದು ಪುಟ ಬಿಡ್ಲಿಲ್ಲ." ದನಿಯಲ್ಲಿ ಒಂದು ಸಂತೋಷವಿತ್ತು. ಇಡುವ ಮೊದಲು ಮತ್ತೆ ಹೇಳಿದರು, "ನೀನು ಬರುವಾಗ ಎರಡು ನೋಟ್‌ಬುಕ್ ತಾ. ಗೆರೆ ದೂರ ದೂರ ಇರುವಂಥದ್ದು. ನನ್ನ ಅಕ್ಷರ ಈಗ ದೊಡ್ಡ ಆಗ್ತದೆ."